ಮದ್ದು ಸಿಗದ ಊರಲ್ಲಿ ಮದ್ದಿನ ತಕ್ಕಡಿ

ಸಿಂಗಪುರದ ಆಂಗ್ ಮೋ ಕಿಯೋದಲ್ಲಿದ್ದ ನಮ್ಮ ಕಂಪನಿಯ ತೂಕದ ಕೋಣೆಗೆ ಕಿಟಕಿ ಇರಲಿಲ್ಲ. ಗಾಳಿಯಾಡಿದರೆ ತಕ್ಕಡಿ ಅಲುಗುತ್ತದೆಂದು ಒಳಗೆ ಕೆಲಸ ನಡೆಯುವಷ್ಟು ಹೊತ್ತೂ ಎಸಿ ಆರಿಸಿಡಬೇಕಿತ್ತು. ಸಿಂಗಪುರದಲ್ಲಿ ಎಸಿ ಇಲ್ಲದ ಮುಚ್ಚಿದ ಕೋಣೆ ಹೇಗಿರುತ್ತದೆ ಎಂದು ಅಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಉಳಿದವರು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಮುಖ ಒಡ್ಡಿ ನೋಡಬಹುದು. ಫೋನಿನ ತರಂಗ ತಾಗಬಾರದೆಂದು ಫೋನು ಹೊರಗಿನ ಲಾಕರಿನಲ್ಲಿ. ಬೆವರು ಒರೆಸಿಕೊಳ್ಳಲು ಕೈಯೆತ್ತಿದರೂ ತಕ್ಕಡಿಯ ಕೊನೆಯ ಅಂಕಿ ಕುಣಿಯುತ್ತಿತ್ತು. ಆ ವರ್ಷದ ಬಹುಭಾಗ ನಾನು ಅಲ್ಲಿ ಕೂತು, ಅಮೆರಿಕದ ಜಿಂಕೆ ಬೇಟೆಗಾರರಿಗಾಗಿ ಕೋವಿಮದ್ದು ತೂಗುವ ಯಂತ್ರದ ಮೇಲೆ ಕೆಲಸ ಮಾಡಿದೆ. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಹುಬ್ಬಳ್ಳಿಯಲ್ಲಿ ನಮ್ಮಪ್ಪ ಪೂಜೆ ಮುಗಿಯದೆ ನೀರು ಕುಡಿದವರಲ್ಲ. ಅವರಿಗೆ ನಾನು ‘ಅಡುಗೆಮನೆ ತಕ್ಕಡಿ ಮಾಡ್ತೀವಿ’ ಎಂದಷ್ಟೇ ಹೇಳಿದ್ದೆ.

ಅಮೆರಿಕದ ಬೇಟೆಗಾರರಲ್ಲಿ ಅನೇಕರು ಅಂಗಡಿಯಲ್ಲಿ ಸಿಗುವ ತೋಟಾಗಳನ್ನು ನೆಚ್ಚುವುದಿಲ್ಲ, ಮನೆಯಲ್ಲೇ ಕೂತು ತಯಾರಿಸಿಕೊಳ್ಳುತ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆಯ ಚಿಪ್ಪನ್ನು ತೊಳೆದು, ತಳಕ್ಕೆ ಹೊಸ ಕೇಪು ಒತ್ತಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಕೂರಿಸುವ ಕೆಲಸ ಅದು. ಒಂದೊಂದು ಕೋವಿಗೂ ಒಂದೊಂದು ತೂಕ ಒಗ್ಗುತ್ತದಂತೆ. ಮದ್ದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹಾರಿಸಿ ನೋಡಿ, ಹಲಗೆಯ ಮೇಲೆ ಗುಂಡುಗಳು ಎಲ್ಲಿ ಒತ್ತೊತ್ತಾಗಿ ಬೀಳುತ್ತವೋ ಆ ತೂಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ತೂಗುವುದು ಗ್ರೇನ್ ಎಂಬ ಹಳೆಯ ಅಳತೆಯಲ್ಲಿ. ಒಂದು ಗ್ರಾಮಿನಲ್ಲಿ ಹದಿನೈದಕ್ಕಿಂತ ಹೆಚ್ಚು ಗ್ರೇನ್ ಇರುತ್ತವೆ, ನಮ್ಮ ಯಂತ್ರ ಅಂಥ ಒಂದು ಗ್ರೇನಿನ ಹತ್ತನೆಯ ಒಂದು ಭಾಗದವರೆಗೆ ಸರಿಯಾಗಿ ತೂಗಬೇಕಿತ್ತು. ಮದ್ದು ಕಡಿಮೆಯಾದರೆ ಗುಂಡು ಗುರಿಯ ಕೆಳಗೆ ಬೀಳುತ್ತದೆ, ಹೆಚ್ಚಾದರೆ ಮೇಲೆ ಹೋಗುತ್ತದೆ. ತೀರ ಹೆಚ್ಚಾದರೆ ಕೋವಿಯೇ ಸಿಡಿಯಬಹುದು, ಆಗ ಹಾರಿಸುವವನ ಕೆನ್ನೆ ಅದರ ಹಿಂಬದಿಗೆ ಒತ್ತಿಕೊಂಡೇ ಇರುತ್ತದೆ.

ಯಂತ್ರ ನೋಡಲು ಸರಳ. ಮೇಲೆ ಮದ್ದಿನ ಡಬ್ಬ, ಅದರಿಂದ ಹೊರಟ ತಿರುಗುವ ಕೊಳವೆ, ಕೊಳವೆಯ ತುದಿಗೆ ಸರಿಯಾಗಿ ಕೆಳಗೆ ತಕ್ಕಡಿಯ ಬಟ್ಟಲು. ಬೇಕಾದ ತೂಕ ಒತ್ತಿದರೆ ಕೊಳವೆ ಮೊದಲು ಬೇಗ ಬೇಗ ತಿರುಗಿ ಸುರಿಸುತ್ತದೆ, ಗುರಿ ಹತ್ತಿರ ಬಂದಂತೆ ನಿಧಾನಿಸುತ್ತದೆ, ಕೊನೆಗೆ ಕಾಳು ಕಾಳಾಗಿ ಉದುರಿಸಿ ನಿಲ್ಲುತ್ತದೆ. ಇದನ್ನು ನಡೆಸುವ ಸಾಫ್ಟ್‌ವೇರ್ ನನ್ನ ಪಾಲಿನದು. ತಕ್ಕಡಿಯ ಭಾಗ ಮಾತ್ರ ಹಳೆಯದು, ಕಂಪನಿ ಚಿನ್ನದಂಗಡಿಗಳಿಗೆ ಮಾರುತ್ತಿದ್ದ ತಕ್ಕಡಿಯಿಂದ ಇಡಿಯಾಗಿ ಎತ್ತಿಕೊಂಡದ್ದು. ಅದನ್ನು ಬರೆದವನು ಕಂಪನಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ದೂರಿಲ್ಲದೆ ನಡೆಯುತ್ತಿರುವುದನ್ನು ಮುಟ್ಟಬೇಡ ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ತೊಡಕು ಇನ್ನೊಂದಿತ್ತು. ಮದ್ದು ತೂಗುವ ಯಂತ್ರಕ್ಕೆ ಪರೀಕ್ಷೆಗೆ ಮದ್ದು ಬೇಕು. ಸಿಂಗಪುರದಲ್ಲಿ ಒಂದು ಚಿಟಿಕೆ ಕೋವಿಮದ್ದು ಇಟ್ಟುಕೊಳ್ಳುವ ಮಾತನ್ನು ಯಾರೂ ಆಫೀಸಿನಲ್ಲಿ ಗಟ್ಟಿಯಾಗಿ ಆಡುವುದಿಲ್ಲ. ನಮ್ಮ ಪ್ರಾಜೆಕ್ಟ್ ಲೀಡ್ ಬೆಂಗಳೂರಿನವರು, ನನಗಿಂತ ಹಿರಿಯರು, ನನ್ನನ್ನು ಇಲ್ಲಿಗೆ ಕರೆಸಿಕೊಂಡವರೇ ಅವರು. ಅವರಿಗೆ ಹೊಳೆಯಿತು.

“ಟೆನ್ಶನ್ ಯಾಕೆ ಗುರು? ರಾಗಿ ಹಾಕೋಣ. ಸೈಜ್ ಕರೆಕ್ಟಾಗಿದೆ, ಸ್ಮೂತಾಗಿ ಫ್ಲೋ ಆಗತ್ತೆ, ಟೆಸ್ಟ್ ಮುಗಿದ್ಮೇಲೆ ಮುದ್ದೆನೂ ಮಾಡ್ಕೋಬಹುದು.”

ಲಿಟಲ್ ಇಂಡಿಯಾದಿಂದ ರಾಗಿ ಬಂತು. ಕಂಪನಿಯ ಮಲೇಷ್ಯಾ, ಚೀನಾದ ಹುಡುಗರಿಗೆಲ್ಲ ಅದನ್ನು ಅಂಗೈಯಲ್ಲಿಟ್ಟು ತೋರಿಸಿ ನಾವಿಬ್ಬರೂ ಬೀಗಿದ್ದೇ ಬೀಗಿದ್ದು. ರಾಗಿ ನಮ್ಮ ಮರ್ಯಾದೆ ಉಳಿಸಿತು ಕೂಡ. ಬಟ್ಟಲು ಎಷ್ಟು ಸಲ ತುಂಬಿದರೂ ತೂಕ ಕೂದಲಷ್ಟೂ ಆಚೀಚೆ ಆಗಲಿಲ್ಲ. ಒಂದಿಷ್ಟು ಯಂತ್ರಗಳು ಅಮೆರಿಕದ ಗ್ರಾಹಕ ಕಂಪನಿಗೆ ಪರೀಕ್ಷೆಗೆ ಹೋದವು. ಅವುಗಳಲ್ಲಿ ಒಂದು ಅವರ ಪರವಾಗಿ ಪರೀಕ್ಷೆ ಮಾಡುವ ಒಬ್ಬ ವಯಸ್ಸಾದ ಬೇಟೆಗಾರನ ಮನೆಗೆ ಹೋಯಿತು.

ಕೆಲವು ವಾರಗಳಲ್ಲಿ ಅವನಿಂದ ದೂರು ಬಂತು. ನಮಗೆ ನೇರವಾಗಿ ಅಲ್ಲ. ಎಂಜಿನಿಯರುಗಳು ಗ್ರಾಹಕರ ಜೊತೆ ನೇರ ಮಾತಾಡಬಾರದು, ಎಲ್ಲವೂ ಗ್ರಾಹಕರನ್ನು ನೋಡಿಕೊಳ್ಳುವ ಅಕೌಂಟ್ಸ್ ವಿಭಾಗದ ಮೂಲಕ ಎನ್ನುವುದು ನಮ್ಮಲ್ಲಿ ಕಲ್ಲಿನ ಮೇಲಿನ ಗೆರೆ. ದೂರು ಇಷ್ಟೆ: ಯಂತ್ರ ತೂಗಿದ ಮದ್ದಿನಿಂದ ಹಾರಿಸಿದರೆ ಗುಂಡುಗಳು ಅಕ್ಕಪಕ್ಕ ಸರಿಯಾಗಿಯೇ ಇವೆ, ಆದರೆ ಮೇಲೆ ಕೆಳಗೆ ಏಣಿಯ ಹಾಗೆ ಬೀಳುತ್ತಿವೆ. ಬೇಟೆಯ ಕಾಲ ಹತ್ತಿರವಾಗುತ್ತಿದೆ, ಬೇಗ ಸರಿಮಾಡಿ.

ನಾನು ಕೋಣೆಯೊಳಗೆ ಹೋದವನು ಹೊರಗೆ ಬಂದದ್ದು ಕಡಿಮೆ. ಮೊದಲು ಬಿಸಿಯ ಅನುಮಾನ. ತಕ್ಕಡಿಯೊಳಗಿನ ಲೋಹ ಕಾದಂತೆ, ಖಾಲಿ ಬಟ್ಟಲಿಗೆ ತೋರಿಸಬೇಕಾದ ಸೊನ್ನೆ ಆಚೀಚೆ ಸರಿಯುತ್ತದೆ. ಯಂತ್ರವನ್ನು ತಣ್ಣಗಿದ್ದಾಗ, ಕಾದಾಗ, ಅರೆಬರೆ ಕಾದಾಗ ಓಡಿಸಿ ನೋಡಿದೆ. ಸರಿಯಿತ್ತು. ಆಮೇಲೆ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂಡುವ ಸ್ಥಿರವಿದ್ಯುತ್ತಿನ ಅನುಮಾನ. ಲೋಹದ ಬಟ್ಟಲು ಹಾಕಿದೆ, ಸರಿಯಿತ್ತು. ಮೇಜು ಅಲುಗಿಸಿದೆ, ಟ್ಯೂಬ್‌ಲೈಟ್ ಬದಲಿಸಿದೆ, ಬೇಕೆಂದೇ ಫೋನು ಒಳಗೆ ತಂದು ಪಕ್ಕದಲ್ಲಿಟ್ಟೆ. ರಾಗಿ ಮಾತ್ರ ನನ್ನ ಮುಖಕ್ಕೆ ಹೊಡೆದ ಹಾಗೆ ಪ್ರತಿ ಸಲವೂ ಸರಿಯಾದ ತೂಕವನ್ನೇ ಕೊಟ್ಟಿತು. ನಾನು ಸುಳ್ಳನೋ ಅವನು ಸುಳ್ಳನೋ ಎಂಬಂತಾಯಿತು. ಲೀಡ್ ಬಾಗಿಲು ಅರ್ಧ ತೆರೆದು ತಲೆ ಹಾಕಿದರು.

“ನೋಡಿ, ಸ್ಪೆಕ್ ಪ್ರಕಾರ ಪಾಸ್ ಆಗಿದೆ ಅಲ್ವಾ? ಅಂಕಲ್‌ಗೆ ವಯಸ್ಸಾಗಿದೆ, ಕೈ ನಡುಗ್ತಿರತ್ತೆ. ಸೈನ್ ಹಾಕ್ಬಿಡಿ, ರಿಲೀಸ್ ಮಾಡಿ ಮುಗಿಸೋಣ.”

“ಕೈ ನಡುಗಿದ್ರೆ ಗುಂಡು ನಾಲ್ಕೂ ಕಡೆ ಚೆಲ್ಲಬೇಕಲ್ಲ ಸರ್, ಬರೀ ಮೇಲೆ ಕೆಳಗೆ ಯಾಕೆ ಹೋಗತ್ತೆ?”

“ಬಾಗಿಲು ಹಾಕ್ಲಾ? ಗಾಳಿ ಬರ್ತಿದೆ ನಿಮ್ಗೆ” ಎಂದು ಅವರು ಹೊರಟರು. ಬಂದ ಗಾಳಿಯೂ ಅವರ ಜೊತೆಗೇ ಹೋಯಿತು.

ಈ ಸೈನ್ ಎನ್ನುವುದು ನನ್ನ ಕೊರಳಿಗೆ ಬಿದ್ದ ಹಗ್ಗವಾಗಿತ್ತು, ಹಾಕದಿದ್ದರೆ ಕೆಲಸಕ್ಕೇ ಕುತ್ತು. ಇಲ್ಲಿ ಇದ್ದು ಕೆಲಸ ಮಾಡಲು ಕೊಟ್ಟ ನನ್ನ ಪಾಸ್ ಕಂಪನಿಗೆ ಕಟ್ಟಿದ್ದು, ಹೆಂಡತಿ ಮಗಳ ಪಾಸ್ ನನ್ನದಕ್ಕೆ ಕಟ್ಟಿದ್ದು. ಇಲ್ಲೇ ಕಾಯಂ ನೆಲೆಸಲು ಪಿಆರ್ ಅರ್ಜಿ ಹಾಕಿ ಕಾಯುತ್ತಿದ್ದೆವು. ಅದು ಒಳಗಿರುವಾಗ ಕೆಲಸ ಬದಲಿಸಬೇಡಿ ಎಂದು ತಿಳಿದವರೆಲ್ಲ ಹೇಳುತ್ತಿದ್ದರು. ಕೆಲಸ ಹೋದರೆ ಬುಕಿತ್ ಬಾಟೋಕಿನ ಬಾಡಿಗೆ ಮನೆ, ಮಗಳ ಶಾಲೆ, ಹೆಂಡತಿ ಆರಿಸಿ ಆರಿಸಿ ತಂದ ಫ್ರಿಜ್ ಎಲ್ಲವನ್ನೂ ತಿಂಗಳೊಳಗೆ ಬಿಟ್ಟು ಏಳಬೇಕು. ಬೆಳಿಗ್ಗೆ ಎಂಆರ್‌ಟಿ ರೈಲಿನಲ್ಲಿ ನಿಂತು ಹೋಗುವಾಗ ಎದುರಿನ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಈ ಮನುಷ್ಯ ಎಲ್ಲಿಗೂ ಹೋಗಲಾರ ಅನ್ನಿಸುತ್ತಿತ್ತು.

ದೂರು ಎರಡನೆಯ ಸಲ ಬಂದಾಗ ಮ್ಯಾನೇಜರ್ ಒಂದು ಕಾನ್ಫರೆನ್ಸ್ ಕಾಲ್ ಏರ್ಪಡಿಸಿದರು. ಅವರು ಸಿಂಗಪುರದವರೇ, ಮಾತಿಗಿಂತ ಗಡಿಯಾರ ಹೆಚ್ಚು ನೋಡುವವರು. ಅಕೌಂಟ್ಸ್‌ನವರು, ಲೀಡ್, ನಾನು ಮೇಜಿನ ಈಚೆ, ಆ ಬೇಟೆಗಾರ ಸ್ಪೀಕರಿನೊಳಗೆ. ತಗ್ಗಿದ ದನಿ, ಒಂದೊಂದೇ ಮಾತು. ನಾನು ಅಪ್ಪಣೆ ಪಡೆದು ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಮದ್ದು ನೋಡಲು ಹೇಗಿದೆ? ಅವನು ನಕ್ಕ. ಪೆನ್ಸಿಲ್ ಕಡ್ಡಿಯನ್ನು ಸಣ್ಣಗೆ ಕತ್ತರಿಸಿದ ಹಾಗಿದೆ ಎಂದ. ದುಂಡಗಿನ ಮದ್ದೂ ಉಂಟು, ಆದರೆ ಅವನ ಕೋವಿಗೆ ಒಗ್ಗುವುದು ಇದೇ. ಕೊಳವೆಯ ಬಾಯಲ್ಲಿ ಒಂದಕ್ಕೊಂದು ಅಡ್ಡ ಸಿಕ್ಕಿ ನಿಲ್ಲುತ್ತದಂತೆ, ಆಮೇಲೆ ಒಂದು ಕಡ್ಡಿ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು.

ಮ್ಯಾನೇಜರ್ ಗಡಿಯಾರ ನೋಡಿದರು. ಬೇಟೆಗಾರ ಮಾತು ಮುಗಿಸಿರಲಿಲ್ಲ. ಜಿಂಕೆಯ ಮುಂಗಾಲಿನ ಹಿಂದೆ ಅಂಗೈಯಗಲದ ಜಾಗವಿದೆ, ಅಲ್ಲಿ ಬಿದ್ದರೆ ಅದಕ್ಕೆ ಸದ್ದು ಕೇಳುವಷ್ಟೂ ಪುರಸೊತ್ತಿಲ್ಲ ಎಂದ. ಕೆಳಗೆ ಬಿದ್ದರೆ ಕಾಲು ಮುರಿಯುತ್ತದೆ, ಅದು ಮೂರು ಕಾಲಿನಲ್ಲಿ ಕಾಡೊಳಗೆ ಓಡುತ್ತದೆ, ಸಾಯಲು ವಾರ ಹಿಡಿಯುತ್ತದೆ. ಅವನು ಹುಡುಗನಾಗಿದ್ದಾಗ ಹಾಗೊಂದನ್ನು ಓಡಿಸಿದ್ದನಂತೆ. ಅದಕ್ಕೇ ತೂಗುತ್ತೇನೆ ಎಂದ. ನಾನು ಅಲ್ಲಿಯವರೆಗೆ ಅವನನ್ನು ಕಟುಕನೆಂದೇ ತಿಳಿದಿದ್ದೆ.

ಉದ್ದ ಕಾಳಿನಂಥ ಬದಲಿ ಬೇಕಿತ್ತು. ಜೀರಿಗೆ ಹಾಕಿ ನೋಡಿದೆ. ಬಾಲಕ್ಕೆ ಬಾಲ ಹೆಣೆದುಕೊಂಡು ಕೊಳವೆಯನ್ನೇ ಕಟ್ಟಿಹಾಕಿತು. ಪೆನ್ಸಿಲ್ ಕಡ್ಡಿ ಕತ್ತರಿಸಲು ಹೋದರೆ ಪುಡಿಯಾಯಿತು. ಕೊನೆಗೆ ಒಂದು ಭಾನುವಾರ ತಿಂಡಿಗೆ ಉಪ್ಪಿಟ್ಟು ತಿನ್ನುತ್ತಿದ್ದಾಗ ಚಮಚ ಬಾಯಿಯ ಹತ್ತಿರವೇ ನಿಂತಿತು. ಉಪ್ಪಿಟ್ಟು ಶಾವಿಗೆಯದು! ಅತ್ತೆ ಗದಗಿನಿಂದ ಕಳಿಸಿದ ಕೈಶಾವಿಗೆ, ನೂಲಿನಷ್ಟು ತೆಳು. ಡಬ್ಬ ಇಳಿಸಿ, ಪೇಪರ್ ಹಾಸಿ, ಕತ್ತರಿ ಹಿಡಿದು ಕೂತೆ. ಮಗಳು ಬಂದು ಇಣುಕಿ, “ಅಪ್ಪಾ, ಡೋಂಟ್ ಎನಿಹೌ ಕಟ್ ಲಾ, ಅಮ್ಮ ಸ್ಕೋಲ್ಡ್ ಮಾಡ್ತಾಳೆ” ಎಂದು ಶಾಲೆಯಲ್ಲಿ ಕಲಿತ ಸಿಂಗಪುರದ ಇಂಗ್ಲಿಷಿನಲ್ಲಿ, ಹೇಗೆಂದರೆ ಹಾಗೆ ಕತ್ತರಿಸಬೇಡವೆಂದು ಎಚ್ಚರಿಸಿ ಹೋದಳು. ಅಮ್ಮ ಬಂದೇ ಬಂದಳು.

“ಏನ್ ನಡಿಸೀರಿ ಇದು? ನಮ್ಮವ್ವ ಬಿಸಲಾಗ ಕುಂತು ಮಾಡಿದ ಶಾವಿಗಿ ರೀ ಅದು. ಜಿಂಕಿ ಹೊಡ್ಯಾಕ ಕೊಟ್ಟಿದ್ದಲ್ಲ.”

“ಹೊಡ್ಯಾಕಲ್ಲ ಮಾರಾಯ್ತಿ, ತೂಕ ನೋಡಾಕ.”

“ಎರಡೂ ಒಂದ ಅಲ್ಲೇನ್ರಿ?”

ನಾನು ಕತ್ತರಿಸುತ್ತಲೇ ಇದ್ದೆ. ಅವಳು ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಆಮೇಲೆ ಇನ್ನೊಂದು ಕತ್ತರಿ ತಂದು ಎದುರಿಗೆ ಕೂತಳು. ಅವಳ ತುಣುಕುಗಳು ನನ್ನವಕ್ಕಿಂತ ಸಮನಾಗಿದ್ದವು ಎಂದು ಆಮೇಲೂ ಎಷ್ಟೋ ಸಲ ನನಗೆ ಹೇಳಿ ತೋರಿಸಿದ್ದಾಳೆ.

ಮರುದಿನ ಕೋಣೆಯಲ್ಲಿ, ಮದ್ದಿನ ಹಾಗೆ ಜಾರಲೆಂದು ಶಾವಿಗೆ ತುಣುಕಿಗೆ ಚೂರು ಪೆನ್ಸಿಲ್ ಪುಡಿ ಸವರಿ ಡಬ್ಬಕ್ಕೆ ಸುರಿದೆ. ಯಂತ್ರ ಮೊದಲು ಧಾರಾಳವಾಗಿ ಸುರಿಸಿತು. ನಿಧಾನಿಸಿತು. ಆಮೇಲೆ ಆ ಮುದುಕ ಹೇಳಿದ ಹಾಗೆಯೇ ಆಯಿತು. ಒಂದು ತುಣುಕು ಬಿತ್ತು, ಪರದೆಯ ಅಂಕಿ ಅಲುಗಲಿಲ್ಲ. ಕೊಳವೆ ತಿರುಗುತ್ತಲೇ ಇತ್ತು. ಇನ್ನೊಂದು ಬಿತ್ತು, ಅಂಕಿ ಕಲ್ಲಿನ ಹಾಗೆ ನಿಂತಿತ್ತು. ಮತ್ತೊಂದು, ಮಗದೊಂದು. ಅಂತೂ ಗುರಿ ಮುಟ್ಟಿತೆಂದು ಯಂತ್ರ ಪೀಂ ಎಂದಾಗ ಬಟ್ಟಲನ್ನು ಎತ್ತಿ ತಾಳೆ ನೋಡಲು ಪಕ್ಕದಲ್ಲಿಟ್ಟಿದ್ದ ಪ್ರಮಾಣ ತಕ್ಕಡಿಯ ಮೇಲಿಟ್ಟೆ. ಒಂದು ಗ್ರೇನಿಗಿಂತ ಹೆಚ್ಚು ಭಾರ. ಮತ್ತೆ ಮಾಡಿದೆ. ಒಮ್ಮೆ ಸರಿ, ಒಮ್ಮೆ ಅರ್ಧ ಗ್ರೇನ್ ಹೆಚ್ಚು, ಒಮ್ಮೆ ಅದಕ್ಕೂ ಮೇಲೆ. ಎಂದೂ ಕಡಿಮೆ ಬರಲಿಲ್ಲ.

ಕಾರಣ ಹುಡುಕುವಷ್ಟರಲ್ಲಿ ಶುಕ್ರವಾರವಾಯಿತು, ಅದು ಹಳೆಯ ಚಿನ್ನದ ತಕ್ಕಡಿಯ ಭಾಗದಲ್ಲಿತ್ತು. ಅಂಗಡಿಯಲ್ಲಿ ಬಳೆ ಇಟ್ಟು ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಾರೆ, ಅಷ್ಟರಲ್ಲಿ ಅಂಕಿ ಅತ್ತಿತ್ತ ಸರಿದರೆ ಜಗಳವಾಗುತ್ತದೆ. ಆದ್ದರಿಂದ ನಿಂತ ತೂಕದ ಮೇಲೆ ಬರುವ ಸಣ್ಣ, ನಿಧಾನದ ಬದಲಾವಣೆಯೆಲ್ಲ ಬಿಸಿಯಿಂದ ಆದದ್ದು ಎಂದುಕೊಂಡು ಸಾಫ್ಟ್‌ವೇರ್ ಸದ್ದಿಲ್ಲದೆ ನುಂಗಿಬಿಡುತ್ತಿತ್ತು. ಬಳೆಯ ಮೇಲೆ ಯಾರೂ ಕಾಳು ಕಾಳು ಉದುರಿಸುವುದಿಲ್ಲವಲ್ಲ. ರಾಗಿ ಒಂದರ ಹಿಂದೊಂದು ಉರುಳಿ ಬರುತ್ತಿದ್ದದ್ದರಿಂದ ನುಂಗಲು ಬಿಡುವೇ ಸಿಕ್ಕಿರಲಿಲ್ಲ. ಹನಿ ಹನಿಗೂಡಿದರೆ ಹಳ್ಳ ಎನ್ನುತ್ತಾರೆ, ನಮ್ಮ ತಕ್ಕಡಿಗೆ ಆ ಗಾದೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ಆದರೂ ನಮ್ಮ ಊರಿನ ಧಾನ್ಯದ ಜಂಬದಲ್ಲಿ ಮದ್ದೆಲ್ಲ ರಾಗಿಯ ಹಾಗೆ ದುಂಡಗೇ ಇರುತ್ತದೆ ಎಂದುಕೊಂಡುಬಿಟ್ಟಿದ್ದೆವು.

ದೋಷ ಸಿಕ್ಕಿದ ಖುಷಿ ಲಾಕರಿನವರೆಗೂ ಬರಲಿಲ್ಲ. ಫೋನು ತೆಗೆದುಕೊಳ್ಳುವಾಗ ಶನಿವಾರದ ಮಾತು ನೆನಪಾಯಿತು. ಆ ಬೇಟೆಗಾರ ಅದೇ ವಾರ ಅಕೌಂಟ್ಸ್ ಮೂಲಕ ಕಳಿಸಿದ್ದ ಮೇಲ್‌ನಲ್ಲಿ, ಪುಸ್ತಕದಲ್ಲಿ ಕೊಟ್ಟ ಗರಿಷ್ಠ ತೂಕದ ಹತ್ತಿರ ಹತ್ತಿರ ಬಂದಿದ್ದೇನೆ, ಈ ಶನಿವಾರ ಕೊನೆಯ ಸುತ್ತು ಹಾರಿಸಿ ನೋಡುತ್ತೇನೆ ಎಂದು ಬರೆದಿದ್ದ. ಗರಿಷ್ಠದ ಮೇಲೆ ನಮ್ಮ ಯಂತ್ರ ಎಷ್ಟು ಸೇರಿಸುತ್ತದೋ ಅವನಿಗೆ ಗೊತ್ತಿರಲಿಲ್ಲ.

ಲೀಡ್‌ಗೆ ತೋರಿಸಿದೆ. ಅವರು ಬಟ್ಟಲಿನಿಂದ ಒಂದು ತುಣುಕು ಎತ್ತಿ ನೋಡಿದರು. “ಶಾವಿಗೆ ಇಟ್ಕೊಂಡು ಕ್ಲೈಂಟ್ ಹತ್ರ ಹೋಗೋಕಾಗತ್ತಾ ಗುರು? ನೆಕ್ಸ್ಟ್ ವರ್ಶನ್‌ನಲ್ಲಿ ಫಿಕ್ಸ್ ಮಾಡೋಣ. ನಂದೂ ಪಾಸ್ ರಿನ್ಯೂವಲ್ ಇದೆ, ಸ್ವಲ್ಪ ಅರ್ಥ ಮಾಡ್ಕೊಳಿ.” ಅವರ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಕನಿಕರವೂ ಬಂತು. ನಾವಿಬ್ಬರೂ ಒಂದೇ ಇಲಿಬೋನಿನೊಳಗಿದ್ದೆವು, ಅವರು ನನಗಿಂತ ಮೊದಲು ಬಿದ್ದವರು ಅಷ್ಟೆ. ಮ್ಯಾನೇಜರ್ ಹತ್ತಿರ ಹೋದೆ. ಅವರು ಕೇಳಿದರು, ಅರ್ಥವನ್ನೂ ಮಾಡಿಕೊಂಡರು. “ಓಕೆ, ಯು ಮೇಲ್ ಅಕೌಂಟ್ಸ್. ದೇ ವಿಲ್ ಇನ್ಫಾರ್ಮ್. ಬಟ್ ಲಾಂಗ್ ವೀಕೆಂಡ್ ಆಲ್ರೆಡಿ, ಸೋ ಟ್ಯೂಸ್‌ಡೇ ಲಾ.” ದೀಪಾವಳಿಯ ರಜೆ ಬಂದಿತ್ತು. ಅಕೌಂಟ್ಸ್‌ನವರಲ್ಲಿ ಅರ್ಧ ಜನ ಆಗಲೇ ಏರ್‌ಪೋರ್ಟಿನಲ್ಲಿದ್ದರು. ನಾನು ಮೇಲ್ ಕಳಿಸಿದೆ. ರಜೆಯಲ್ಲಿದ್ದೇವೆ ಎಂಬ ಸ್ವಯಂಚಾಲಿತ ಉತ್ತರ ಆ ಕ್ಷಣವೇ ಬಂತು.

ಬೇಟೆಗಾರನ ನಂಬರು ನನ್ನ ಹತ್ತಿರವಿತ್ತು. ಕಾನ್ಫರೆನ್ಸ್ ಕಾಲ್‌ನ ಆಹ್ವಾನದಲ್ಲಿ ಅದು ತೆರೆದೇ ಇತ್ತು, ಮುಚ್ಚಬೇಕೆಂದು ಯಾರಿಗೂ ತೋಚಿರಲಿಲ್ಲ. ಶುಕ್ರವಾರ ಸಂಜೆ ಮನೆಗೆ ಬಂದವನು ಲಿಫ್ಟ್ ಹತ್ತದೆ, ಕಟ್ಟಡದ ಕೆಳಗೆ ಗೋಡೆಯಿಲ್ಲದೆ ಬಿಟ್ಟ ವಾಯ್ಡ್ ಡೆಕ್‌ನಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಅಮೆರಿಕದಲ್ಲಿ ಆಗ ಬೆಳಗಾಗಿರುತ್ತದೆ. ಕರೆ ಮಾಡಿದರೆ ಕೆಲಸ ಹೋಗಬಹುದು, ಮಾಡದಿದ್ದರೆ ಒಬ್ಬನ ಕಣ್ಣು ಹೋಗಬಹುದು, ಅಥವಾ ಏನೂ ಆಗದೇ ಇರಬಹುದು. ಈ ಕೊನೆಯದೇ ನನ್ನನ್ನು ಹೆಚ್ಚು ಕಾಡಿದ್ದು. ಏನೂ ಆಗದಿದ್ದರೆ ನಾನು ಸುಮ್ಮನಿದ್ದದ್ದು ಯಾರಿಗೂ ತಿಳಿಯುವುದೇ ಇಲ್ಲ, ನಾನು ಮಾತ್ರ ಮುಂದೆಯೂ ಅದೇ ಕೋಣೆಯೊಳಗೆ ಅದನ್ನು ಇಟ್ಟುಕೊಂಡು ಕೂತಿರಬೇಕು. ನಂಬರು ಒತ್ತಿದೆ.

ನಾನು ಯಾರೆಂದು ಹೇಳಿದೆ. ಯಂತ್ರ ಆರಿಸಿ, ಅದರಿಂದ ತೂಗಿದ್ದನ್ನು ಹಾರಿಸಬೇಡಿ ಎಂದೆ. ಏಕೆಂದು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅವನು, ನಿನ್ನೆಯೇ ಒಂದು ಪೆಟ್ಟಿಗೆ ತುಂಬಿಟ್ಟಿದ್ದೇನೆ ಎಂದ. ಬಿಚ್ಚಿ ನೋಡುತ್ತೇನೆ ಎಂದು ಫೋನ್ ಇಟ್ಟುಬಿಟ್ಟ.

ಹಬ್ಬದ ದಿನ ಅವನ ಮೆಸೇಜ್ ಬಂತು. ಒಂದೊಂದೇ ತೋಟಾದ ಗುಂಡು ಕಿತ್ತು, ಮದ್ದನ್ನು ತನ್ನ ಹಳೆಯ ಕೈತಕ್ಕಡಿಯಲ್ಲಿ ತೂಗಿದ್ದ. ಹೆಚ್ಚಿನವು ಭಾರ. ಅವುಗಳಲ್ಲಿ ಒಂದು ಎಷ್ಟು ಭಾರವಿತ್ತೆಂದರೆ ಅದನ್ನು ಎರಡನೆಯ ಸಲ ತೂಗಲು ಕೈ ಬರಲಿಲ್ಲ ಎಂದು ಬರೆದಿದ್ದ. ನಾನು ಹೋಳಿಗೆಯ ತಟ್ಟೆ ಕೆಳಗಿಟ್ಟೆ. ಭಯ ಆಗ ಬಂತು.

ಅವನು ಗ್ರಾಹಕ ಕಂಪನಿಗೂ ಬರೆದುಬಿಟ್ಟಿದ್ದ. ಮಂಗಳವಾರ ಮ್ಯಾನೇಜರ್ ಬಾಗಿಲು ಹಾಕಿ, “ಯು ಕಾಲ್ ಕ್ಲೈಂಟ್ ಡೈರೆಕ್ಟ್, ಆಹ್?” ಎಂದು ಶುರುಮಾಡಿದವರು ಎಚ್ಚರಿಕೆಯ ಪತ್ರ ಕೈಗಿತ್ತು ನಿಲ್ಲಿಸಿದರು. ಕೆಲಸ ಉಳಿಯಿತು. ದಯೆಯಿಂದಲ್ಲ, ಫೋನ್ ಮಾಡಿದ ಆ ಮನುಷ್ಯನೇ ಇದನ್ನು ಸರಿಮಾಡಲಿ ಎಂದು ಗ್ರಾಹಕರು ಪಟ್ಟು ಹಿಡಿದದ್ದರಿಂದ. ಮತ್ತೆ ಅದೇ ಕೋಣೆ. ಕೊಳವೆ ತಿರುಗತೊಡಗಿದ ಕ್ಷಣದಿಂದ ಬಟ್ಟಲು ಎತ್ತುವವರೆಗೆ ನುಂಗುವ ಭಾಗವನ್ನು ಪೂರ್ತಿ ನಿಲ್ಲಿಸಿದೆ. ಖಾಲಿ ಬಟ್ಟಲು ಮರಳಿ ಇಟ್ಟಾಗ ಸೊನ್ನೆ ಸರಿದಿದ್ದರೆ ಆ ತೂಕವನ್ನೇ ತಿರಸ್ಕರಿಸುವಂತೆ ಬರೆದೆ. ಲೀಡ್ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಆದರೂ ಒಂದು ಮಧ್ಯಾಹ್ನ ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಎದುರಿಗೆ ಬಂದು ಕೂತು, “ನಾನಾಗಿದ್ರೆ ಮಾಡ್ತಿರ್ಲಿಲ್ಲ” ಎಂದಷ್ಟೇ ಹೇಳಿ ಊಟ ಮಾಡಿದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಪಿಆರ್ ಅರ್ಜಿ ತಿರಸ್ಕೃತವಾಯಿತು. ಅದಕ್ಕೆ ಸರ್ಕಾರ ಕಾರಣ ಕೊಡುವುದಿಲ್ಲ, ನಾವು ಕೇಳುವುದೂ ಇಲ್ಲ.

ಸರಿಮಾಡಿದ ಯಂತ್ರ ಬೇಟೆಯ ಕಾಲ ಮುಗಿಯುವ ಮೊದಲೇ ಅವನ ಮನೆ ತಲುಪಿತು. ಒಂದು ಸಂಜೆ ಆಫೀಸಿನಿಂದ ಬಂದು ಸೋಫಾದಲ್ಲಿ ಕೂತಿದ್ದಾಗ ಫೋನಿಗೆ ಚಿತ್ರ ಬಂತು. ಒಣ ಎಲೆಗಳ ಮೇಲೆ ಮಲಗಿದ ಜಿಂಕೆ, ಕಣ್ಣು ತೆರೆದೇ ಇತ್ತು. ಕೆಳಗೆ ಒಂದೇ ಸಾಲು: ಒಂದೇ ಗುಂಡು, ನಿಂತಲ್ಲೇ ಬಿತ್ತು, ನಿನಗೆ ಧನ್ಯವಾದ.

ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಮುಂಗಾಲಿನ ಹಿಂದಿನ ಜಾಗ ನೋಡಿದೆ. ಗಾಯ ಅವನು ಹೇಳಿದ ಅಂಗೈಯಗಲದ ನಟ್ಟನಡುವೆ ಇತ್ತು. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಆ ವರ್ಷವೆಲ್ಲ ಆಗದಷ್ಟು ಖುಷಿಯಾಯಿತು. ಅದರ ಬೆನ್ನಿಗೇ ನಾನು ಏನನ್ನು ನೋಡಿ ಖುಷಿಪಡುತ್ತಿದ್ದೇನೆ ಎಂದು ಗೊತ್ತಾಗಿ ಚಿತ್ರವನ್ನು ಮತ್ತೆ ಚಿಕ್ಕದು ಮಾಡಿದೆ. ಹೆಂಡತಿ ಹಿಂದಿನಿಂದ ಬಂದು ಬಗ್ಗಿ ನೋಡುತ್ತಿದ್ದದ್ದು ನನಗೆ ತಿಳಿದಿರಲಿಲ್ಲ.

“ಓಡಲಿಲ್ಲಲ್ಲಾ ಅದು?”

“ಇಲ್ಲ. ನಿಂತಲ್ಲೇ ಬಿತ್ತಂತ.”

ಅವಳು ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. “ಛಲೋ ಆತು” ಎಂದಳು. ಅಂದ ಮೇಲೆ ಅದು ಅನ್ನಬೇಕಾದ ಮಾತೋ ಅಲ್ಲವೋ ಎಂದು ಅವಳಿಗೂ ಅನುಮಾನ ಬಂದಿರಬೇಕು, ನನ್ನ ಪಕ್ಕ ಬಂದು ಕೂತಳು.

ಅವನಿಗೆ ಉತ್ತರ ಬರೆಯಬೇಕಿತ್ತು. ಅಭಿನಂದನೆ ಎಂದು ಬರೆದು ಅಳಿಸಿದೆ. ಪಾಪ ಎಂದು ಬರೆಯಲು ಹೋಗಿ ಅದನ್ನೂ ಅಳಿಸಿದೆ. ಕೊನೆಗೆ, ತಕ್ಕಡಿಯ ಸೊನ್ನೆ ಏನಾದರೂ ಆಚೀಚೆ ಸರಿಯಿತೇ ಎಂದು ಕೇಳಿದೆ. ಇಲ್ಲ, ಒಂದು ಚೂರೂ ಸರಿಯಲಿಲ್ಲ ಎಂದು ತಕ್ಷಣ ಉತ್ತರ ಬಂತು.